ದೊಡ್ಡಪ್ಪ ಸುಧಾರಿಸಿದ ಅಡುಗೆಮನೆ

ನಮ್ಮ ಅಡುಗೆಮನೆ ಹಳತಾಯಿತು, ಅದನ್ನು ಸುಧಾರಿಸಬೇಕು ಎಂದು ತೀರ್ಮಾನ ಮಾಡಿದವರು ಮೂವರು. ಮೂವರೂ ಗಂಡಸರು. ಮೂವರಲ್ಲಿ ಒಬ್ಬರಾದರೂ ಒಲೆಗೆ ಒಂದು ಸೆಗಣಿಯ ಕುಳ್ಳು ಇಟ್ಟು ಗೊತ್ತಿದ್ದವರಲ್ಲ. ಒಬ್ಬ ನನ್ನ ಅಪ್ಪ. ಬೀದರದಲ್ಲಿ ಸರಕಾರಿ ಕಚೇರಿಯೊಂದರ ಉರ್ದು ಕಾರಕೂನ. ಇನ್ನೊಬ್ಬ ಅಪ್ಪನ ಅಣ್ಣ, ನನ್ನ ದೊಡ್ಡಪ್ಪ. ಭಾಲ್ಕಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ. ಮೂರನೆಯವರು ನಮ್ಮ ಹಿಂದಿನ ಮನೆಯ ವಕೀಲಸಾಹೇಬರು. ಅವರ ಅಂಗಳಕ್ಕೂ ನಮ್ಮ ಅಡುಗೆಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅಡುಗೆ ಮಾಡುತ್ತಿದ್ದವಳು ನನ್ನ ಅವ್ವ. ಅವಳನ್ನು ಯಾರೂ ಕೇಳಲಿಲ್ಲ. ಹೆಂಗಸರನ್ನು ಕೇಳುವುದು ಆ ಕಾಲದಲ್ಲಿ ರೂಢಿಯಲ್ಲಿರಲಿಲ್ಲ ಎಂದು ಈಗಿನವರು ನನಗೆ ಸಮಾಧಾನ ಹೇಳಲು ಬರುತ್ತಾರೆ. ಇರಲಿಲ್ಲ, ಒಪ್ಪಿದೆ. ಬುದ್ಧಿ ಉಪಯೋಗಿಸುವುದೂ ರೂಢಿಯಲ್ಲಿರಲಿಲ್ಲವೇ ಎಂದು ನಾನು ಅವರನ್ನೇ ತಿರುಗಿ ಕೇಳುತ್ತೇನೆ.

ಆ ಅಡುಗೆಮನೆ ಮೊದಲು ಹೇಗಿತ್ತು ಎಂದು ಹೇಳಿಬಿಡುತ್ತೇನೆ. ಕೆಂಪು ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ನೆಲಕ್ಕೆ ಸೆಗಣಿ ಸಾರಣೆ. ಹಿಂದಿನ ಗೋಡೆಗೆ ಹೊಂದಿಸಿ ನೆಲದ ಮೇಲೆ ಎರಡು ಒಲೆ. ಅವ್ವ ತಾನೇ ಮಣ್ಣು ಕಲಸಿ ಹಾಕಿಕೊಂಡವು. ನಮ್ಮ ಕಡೆಯ ಮಾಳಿಗೆ ಮನೆಗಳಲ್ಲಿ ಒಲೆಯ ನೆತ್ತಿಗೆ ಸರಿಯಾಗಿ ಒಂದು ಬೆಳಕಿಂಡಿ ಬಿಟ್ಟಿರುತ್ತಾರೆ. ಹೊಗೆ ಅದರಿಂದ ಹೋಗುತ್ತದೆ, ಬೆಳಕು ಅದರಿಂದ ಬರುತ್ತದೆ, ಮಳೆ ಬಂದರೆ ಮೇಲೊಂದು ಕಲ್ಲು ಎಳೆದರೆ ಮುಗಿಯಿತು. ನಮ್ಮಲ್ಲೂ ಇತ್ತಂತೆ. ಆದರೆ ನನ್ನ ಅಜ್ಜನಿಗೆ, ಬಂದುಹೋಗುವವರ ಜೊತೆ ಲೋಡಿಗೆ ಒರಗಿ ಕೂಡಲು ಮೇಲೊಂದು ಕೋಣೆ ಇದ್ದರೆ ತನ್ನ ಘನತೆ ಹೆಚ್ಚುತ್ತದೆ ಅನ್ನಿಸಿತು. ಮನೆಯಲ್ಲಿ ಗಟ್ಟಿಯಾದ ಗೋಡೆ ಅಡುಗೆಮನೆಯದು. ಅದರ ಮೇಲೆಯೇ ಕೋಣೆ ಎದ್ದಿತು, ಬೆಳಕಿಂಡಿ ಅದರ ನೆಲದಡಿ ಮುಚ್ಚಿಹೋಯಿತು. ಅಂದಿನಿಂದ ಹೊಗೆಗೆ ಉಳಿದ ದಾರಿ ಪಡಸಾಲೆಯ ಕಡೆಯ ಬಾಗಿಲು ಒಂದೇ. ಪಡಸಾಲೆಯಲ್ಲಿ ಗಂಡಸರು ಕೂತಿದ್ದರೆ ಆ ಬಾಗಿಲನ್ನೂ ಮುಚ್ಚಿಕೊಳ್ಳಬೇಕು, ಅವರಿಗೆ ಕೆಮ್ಮು ಬರುತ್ತದೆ. ಅವ್ವನಿಗೆ ಕೆಮ್ಮು ಬರುತ್ತದೆಂದು ಯಾರಿಗೂ ಹೊಳೆದಿರಲಿಲ್ಲ.

ಕೆಮ್ಮಿನ ಮಾತು ಬಿಡಿ, ಅದನ್ನು ಅವಳು ನುಂಗಿಕೊಳ್ಳುತ್ತಿದ್ದಳು. ಕಣ್ಣನ್ನು ನುಂಗಿಕೊಳ್ಳಲಾಗಲಿಲ್ಲ. ತೊಗರಿಕಟ್ಟಿಗೆ ಹಸಿ ಇದ್ದರಂತೂ ಅವಳ ಕಣ್ಣು ಕುಂಕುಮದ ಹಾಗೆ ಕೆಂಪಾಗಿ ಮೂರು ಹೊತ್ತೂ ನೀರು ಸುರಿಸುತ್ತಿತ್ತು. ಅವ್ವ ಹಳೆ ಬಟ್ಟೆಯ ಕೌದಿ ಹೊಲಿಯುವುದರಲ್ಲಿ ನಮ್ಮ ಓಣಿಗೇ ಹೆಸರಾದವಳು. ಅವಳ ಹೊಲಿಗೆ ಎಳೆದ ಗೆರೆಯ ಹಾಗೆ ಇರುತ್ತಿತ್ತು. ಆ ವರ್ಷ ಸೂಜಿಗೆ ದಾರ ಪೋಣಿಸಿಕೊಡಲು ನನ್ನನ್ನು ಕರೆಯತೊಡಗಿದಳು. ನಮ್ಮ ಓಣಿಯ ತುದಿಯಲ್ಲಿ ಕ್ರೈಸ್ತರ ಮನೆಯೊಂದಿತ್ತು, ಆ ಮನೆಯ ಹೆಣ್ಣುಮಗಳು ಮಿಶನ್ ದವಾಖಾನೆಯಲ್ಲಿ ನರ್ಸ್. ಅಪ್ಪ ಕಚೇರಿಗೆ ಹೋದ ಮೇಲೆ ಅವಳು ಒಂದು ದಿನ ಬಂದು, ಅವ್ವನನ್ನು ಅಂಗಳದ ಬಿಸಿಲಿಗೆ ಕೂರಿಸಿ ರೆಪ್ಪೆ ಎತ್ತಿ ನೋಡಿದಳು.

"ಔಷಧ ನಾ ಹಾಕ್ತೇನ್ರಿ ಅವ್ವಾರ. ಆದ್ರ ಹೊಗಿ ತಪ್ಪಲಿಲ್ಲಂದ್ರ ಔಷಧ ಏನೂ ಮಾಡಂಗಿಲ್ಲ. ಬಲಗಣ್ಣಿಗಿ ಆಗಲೇ ಹೂ ಬಿದ್ದದ. ಅದು ಹೋತು ಅಂತ ತಿಳೀರಿ. ಎಡಗಣ್ಣರ ಉಳಿಸ್ಕೋರಿ. ಒಲಿ ಹಿಂದಿನ ಗ್ವಾಡಿಗಿ ಒಂದು ಕಿಂಡಿ ತಗಸ್ರಿ, ಅಷ್ಟ ಸಾಕು."

ಅಷ್ಟೇ ಬೇಕಾಗಿದ್ದದ್ದು. ಗೋಡೆಯಲ್ಲಿ ಎರಡು ಕಲ್ಲಿನಷ್ಟು ಜಾಗ. ಗೌಂಡಿಗೆ ಅರ್ಧ ದಿನದ ಕೆಲಸ, ಅದೂ ಅವನು ನಡುವೆ ಎಲೆ ಅಡಿಕೆ ಹಾಕಿಕೊಂಡು ಹರಟೆ ಹೊಡೆದರೆ. ಅವ್ವ ಅಪ್ಪನಿಗೆ ಊಟಕ್ಕೆ ಬಡಿಸುವಾಗ ಹೇಳಿದಳು. ಅಪ್ಪ ರೊಟ್ಟಿ ಮುರಿಯುತ್ತ, "ಅಣ್ಣ ಬರ್ಲಿ, ಕೇಳ್ತೇನಿ," ಅಂದ. ಮನೆ ಇನ್ನೂ ಪಾಲಾಗಿರಲಿಲ್ಲ, ದೊಡ್ಡಪ್ಪನನ್ನು ಕೇಳದೆ ನಮ್ಮ ಮನೆಯಲ್ಲಿ ಮೊಳೆ ಹೊಡೆಯುವುದಕ್ಕೂ ಅಪ್ಪನಿಗೆ ಕೈ ಏಳುತ್ತಿರಲಿಲ್ಲ. ಕಚೇರಿಯಲ್ಲಿ ರೈತರ ಮುಂದೆ ಮಾತ್ರ ಅವನ ದನಿ ಗುಡುಗುತ್ತಿತ್ತೆಂದು ಕೇಳಿದ್ದೇನೆ.

ದೊಡ್ಡಪ್ಪ ಬಂಡಿ ಕಟ್ಟಿಕೊಂಡು ಭಾಲ್ಕಿಯಿಂದ ಬಂದ. ಅವನ ವಿಷಯ ಎರಡು ಮಾತು ಹೇಳಬೇಕು. ಅವನಿಗೆ ಗೊತ್ತಿಲ್ಲದ ವಿದ್ಯೆ ಇರಲಿಲ್ಲ. ಎತ್ತಿನ ರೋಗ, ಮಗಳ ಜಾತಕ, ಬಾವಿಯ ನೀರಿನ ಸೆಲೆ, ಹೈದರಾಬಾದಿನ ದರಬಾರಿನ ಒಳಸುದ್ದಿ, ಎಲ್ಲದರಲ್ಲೂ ಮೂಗು ತೂರಿಸುತ್ತಿದ್ದ, ಎಲ್ಲದಕ್ಕೂ ಅವನಲ್ಲಿ ಒಂದು ಅಗ್ಗದ ಉಪಾಯ ಇರುತ್ತಿತ್ತು. ಖರ್ಚಿಲ್ಲದೆ ಆದ ಕೆಲಸ ಅವನ ಕಣ್ಣಿಗೆ ಚೆನ್ನಾಗಿ ಆದ ಕೆಲಸ. ಅವ್ವ ಅವನೆದುರು ಮಾತಾಡುವಂತಿರಲಿಲ್ಲ. ತಮ್ಮನ ಹೆಂಡತಿ ಭಾವನ ಮುಂದೆ ಸುಳಿಯಬಾರದು, ಸೆರಗು ಎಳೆದುಕೊಂಡು ಬಾಗಿಲ ಹಿಂದೆ ನಿಲ್ಲಬೇಕು. ಅವಳ ಮಾತನ್ನು ನಾನು ಹೊರಗೆ ಒಯ್ಯುತ್ತಿದ್ದೆ, ಅವನ ಮಾತನ್ನು ಒಳಗೆ ತರುತ್ತಿದ್ದೆ. ಇಬ್ಬರ ನಡುವೆ ಮೂರು ಮಾರು ದೂರವಿರುತ್ತಿತ್ತು, ಇಬ್ಬರಿಗೂ ಕಿವಿ ಚೆನ್ನಾಗಿಯೇ ಇದ್ದವು.

ಅಪ್ಪ ವಿಷಯ ತೆಗೆದ. ಕಿಂಡಿಯ ಆಚೆ ವಕೀಲಸಾಹೇಬರ ಅಂಗಳ, ಅವರನ್ನು ಕೇಳದೆ ಕೈ ಹಾಕಬಾರದು ಎಂದು ಅವರನ್ನು ಮೇಲಿನ ಕೋಣೆಗೆ ಚಹಾಕ್ಕೆ ಕರೆದರು. ಚಹಾ ಮಾಡಿದವಳು ಕೆಳಗೆ, ಅದೇ ಹೊಗೆಯಲ್ಲಿ, ಅವ್ವ. ತಂದಿಟ್ಟವಳು ನಾನು. ಹಾಗಾಗಿ ಆ ಮಹಾ ಸಮಾಲೋಚನೆಯನ್ನು ಕಿವಿಯಾರೆ ಕೇಳಿದ್ದೇನೆ.

ವಕೀಲರು ಮೆಲುಮಾತಿನ ದೊಡ್ಡ ಮನುಷ್ಯರು. "ದೀವಾರ ನಿಮ್ದು ಭಾಯಿ, ಅದರಾಗ ಶಕ್ ಇಲ್ಲ. ಆದ್ರ ಆ ಕಡಿ ನಮ್ಮ ಜನಾನಾ ಅಂಗಳ ಅದ. ಅಲ್ಲಿ ಕಿಂಡಿ ಬಿತ್ತಂದ್ರ ನಮ್ಮ ಹೆಂಗಸರ ಪರದಾ ಎಲ್ಲಿ ಉಳೀತು?"

"ಛೇ ಛೇ! ನಿಮ್ಮ ಪರದಾ ಅಂದ್ರ ನಮ್ಮ ಮರ್ಯಾದಿರಿ," ಅಂದ ಅಪ್ಪ, ಕಚೇರಿಯ ದನಿಯಲ್ಲಿ.

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು ನಮ್ಮ ಪಕ್ಷ ಹೇಳಿದ. "ನಮಗೂ ಒಂದು ತ್ರಾಸ ಅದರಿ ವಕೀಲಸಾಬ್. ತಪ್ಪ ತಿಳೀಬ್ಯಾಡ್ರಿ. ನಮ್ದು ಲಿಂಗಪೂಜಿ ಮಾಡೂ ಮನಿ. ನಿಮ್ಮ ಅಂಗಳದಾಗ ಮಾಡೂ ಅಡಗಿ ವಾಸನಿ ನಮ್ಮ ಒಲಿ ತನಕ ಬರಬಾರ್ದು."

"ಬಿಲ್ಕುಲ್," ಅಂದರು ವಕೀಲರು. ಮೂವರೂ ಒಬ್ಬರ ಸಂಸ್ಕಾರವನ್ನು ಒಬ್ಬರು ಮೆಚ್ಚಿಕೊಂಡರು. ಆ ಗೋಡೆಗೆ ಎಂದೆಂದಿಗೂ ಕಿಂಡಿ ಹಾಕಬಾರದು ಎಂದು ಠರಾವಾಯಿತು. ಎರಡು ಮನೆಗಳ ಸ್ನೇಹಕ್ಕೆ ಇಂಥ ಇನ್ನೊಂದು ಉದಾಹರಣೆ ಬೀದರದಲ್ಲಿಲ್ಲ ಎಂದು ಹೇಳಿಕೊಂಡು ಎಲೆ ಅಡಿಕೆ ಹಾಕಿಕೊಂಡರು.

ಈ ಮೂವರ ತಲೆಯೊಳಗೆ ಏನಿತ್ತು ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ಗೋಡೆಯ ಈ ಕಡೆ ನಮ್ಮ ಅಡುಗೆಮನೆ. ಅಲ್ಲಿ ಅವ್ವ, ನಾನು. ಗಂಡಸರು ಅದರ ಹೊಸ್ತಿಲು ದಾಟುತ್ತಿರಲಿಲ್ಲ, ನೀರು ಬೇಕಾದರೂ ಹೊರಗಿನಿಂದ ಕೂಗುತ್ತಿದ್ದರು. ಆ ಕಡೆ ಅವರ ಒಳಅಂಗಳ; ಅಲ್ಲಿ ವಕೀಲರ ಹೆಂಡತಿ, ಅವರ ಹೆಣ್ಣುಮಕ್ಕಳು. ಕಿಂಡಿ ಬಿದ್ದಿದ್ದರೆ ಅದರಲ್ಲಿ ಹೆಂಗಸರು ಹೆಂಗಸರನ್ನು ನೋಡುತ್ತಿದ್ದರು. ಅದೂ ಹೊಸದೇನಲ್ಲ. ಮಾಳಿಗೆಯ ಮೇಲೆ ಹಪ್ಪಳ ಸಂಡಿಗೆ ಒಣಹಾಕಲು ಹೋದಾಗಲೆಲ್ಲ ಅವ್ವನೂ ಆ ತಾಯಿಯೂ ತೋಳೆತ್ತರದ ಕಟ್ಟೆಯ ಮೇಲಿಂದ ಗಂಟೆಗಟ್ಟಲೆ ಮಾತಾಡುತ್ತಿದ್ದರು. ನಾನು ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆ. ಗಂಡಸರು ಮಾಳಿಗೆ ಹತ್ತಬೇಕಾದರೆ ಮೊದಲು "ಗೋಶಾ!" ಎಂದು ಗಟ್ಟಿಯಾಗಿ ಕೂಗಬೇಕು, ಸುತ್ತಲ ಅಂಗಳದ ಹೆಂಗಸರು ಒಳಗೆ ಸರಿದ ಮೇಲೆ ಹತ್ತಬೇಕು, ಬೀದರದಲ್ಲಿ ಎಲ್ಲ ಜಾತಿಯವರೂ ಪಾಲಿಸುತ್ತಿದ್ದ ಮರ್ಯಾದೆ ಅದು. ಹಾಗೆ ಕೂಗಿ ಕೂಗಿ ಈ ಗಂಡಸರಿಗೆ, ಪರದಾ ಇರುವುದು ತಮ್ಮ ಕಣ್ಣಿಗೇ ಎನ್ನುವುದು ಮರೆತುಹೋಗಿತ್ತು. ವಾಸನೆಯ ಮಾತಂತೂ ಇನ್ನೂ ಚೆಂದ. ಅವರ ಅಂಗಳದ ವಾಸನೆ ದಿನಾ ಗೋಡೆ ಹತ್ತಿ ನಮ್ಮ ಅಂಗಳಕ್ಕೆ ಬರುತ್ತಿತ್ತು. ಅದಕ್ಕೆ ಯಾರೂ ಪರವಾನಗಿ ಕೊಟ್ಟಿರಲಿಲ್ಲ.

ಇಷ್ಟಕ್ಕೇ ಬಿಟ್ಟಿದ್ದರೂ ಅವ್ವ ಹೇಗೋ ದಿನ ತೆಗೆಯುತ್ತಿದ್ದಳು. ಆದರೆ ದೊಡ್ಡಪ್ಪನಿಗೆ ಕರುಣೆ ಉಕ್ಕಿತು. "ಹೆಣ್ಣಮಕ್ಕಳ ಮನಸ್ಸಿಗಿ ಬ್ಯಾಸರ ಆಗಬಾರ್ದು ತಮ್ಮಾ. ಕಿಂಡಿ ಬ್ಯಾಡ. ಅಡಗಿಮನೀನ ಹೊಸಾದು ಮಾಡಿಬಿಡೋಣು, ಕಡಿಮಿದಾಗ. ಮುಸಾಫರ ಬಂಗ್ಲೆದಾಗ ನೋಡೀನಿ ನಾ, ಸಾಹೇಬರ ಖಾನ್ಸಾಮಾ ನಿಂತು ಅಡಗಿ ಮಾಡ್ತಾನ. ನಮ್ಮವರು ಇನ್ನೂ ನೆಲಕ್ಕ ಕೂತಾರ."

ಆ ಖಾನ್ಸಾಮಾ ರೊಟ್ಟಿ ಬಡಿಯುತ್ತಿದ್ದನೇ ಎಂದು ಅವನನ್ನು ಯಾರು ಕೇಳಬೇಕು? ಕೇಳಬೇಕಾದವಳು ಬಾಗಿಲ ಹಿಂದೆ ಇದ್ದಳು. "ನಂಗ ಕಿಂಡಿ ಒಂದ ಸಾಕು ಅಂತ ಹೇಳವ್ವಾ," ಎಂದು ನನ್ನ ಹೆಗಲು ಅಲುಗಿಸಿದಳು. ನಾನು ಹೋಗಿ ಹೇಳಿದೆ. ದೊಡ್ಡಪ್ಪ ನಕ್ಕು, "ಕಿಂಡಿ ಏನ, ಕಿಡಕೀನ ಇಡಸ್ತೇನಿ ಅಂತ ಹೇಳು ನಿಮ್ಮವ್ವಗ," ಅಂದ. ಒಳಗೆ ಅವ್ವನ ಮುಖ ಅರಳಿದ್ದನ್ನು ನೋಡಿದೆ.

ಕೆಲಸ ಶುರುವಾಯಿತು. ದೊಡ್ಡಪ್ಪ ಗೌಂಡಿಯನ್ನು ಒಂದು ದಿನ ಕರೆಸಿ, ಗೆರೆ ಹಾಕಿಸಿಕೊಂಡು, ಕಳಿಸಿಬಿಟ್ಟ. ಮಿಕ್ಕದ್ದನ್ನು ಅಂಗಡಿಯ ಹಮಾಲರು ಮಾಡಿದರು. ಮೂಟೆ ಹೊತ್ತವರಿಗೆ ಗೋಡೆ ಕಟ್ಟುವುದು ಎಷ್ಟರ ಮಾತು ಎಂಬುದು ಅವನ ಲೆಕ್ಕ. ಕಲ್ಲು ಪುಕ್ಕಟೆ ಬಂದವು, ಊರಲ್ಲಿ ಬಿದ್ದ ಗೋಡೆಗಳಿಗೆ ಬರವಿರಲಿಲ್ಲ. ಸುಣ್ಣಕ್ಕೆ ಅರ್ಧಕ್ಕರ್ಧ ಬೂದಿ ಬೆರೆಸಿದ. ನೆಲಕ್ಕೆ ಶಹಾಬಾದ ಫರಸಿಗಲ್ಲು ಹಾಸಿದ, ಅದೂ ಯಾರದೋ ಮನೆಯಲ್ಲಿ ಒಡೆದು ಉಳಿದ ತುಂಡುಗಳು. ಒಂದರ ಅಂಚು ಇನ್ನೊಂದರ ಅಂಚಿಗೆ ಹೊಂದುತ್ತಿರಲಿಲ್ಲ, ಎಡವದೆ ನಡೆಯಲು ನಾವು ಹೊಸದಾಗಿ ಕಲಿಯಬೇಕಾಯಿತು. ಘಾಸಲೇಟಿನ, ಅಂದರೆ ಸೀಮೆಎಣ್ಣೆಯ, ಪೆಟ್ಟಿಗೆಯ ಹಲಗೆಗಳಿಂದ ಡಬ್ಬಿ ಇಡಲು ಫಳಿ ಮಾಡಿಸಿದ. ಅವುಗಳ ಮೇಲಿಟ್ಟ ಬೆಲ್ಲಕ್ಕೂ ಬೇಳೆಗೂ ವರ್ಷಪೂರ್ತಿ ಘಾಸಲೇಟಿನ ನಾತ ಹೋಗಲಿಲ್ಲ. ಊಟಕ್ಕೆ ಕೂತ ದೊಡ್ಡಪ್ಪ ಮಾತ್ರ, ಬ್ಯಾಳಿಗೆ ಇದೇನು ಹೊಸ ಮಸಾಲಿ ಎಂದು ಕೇಳುತ್ತಿದ್ದ.

ಕಿಟಕಿಯೂ ಬಂತು. ಪಾಳುಬಿದ್ದ ಯಾವುದೋ ನವಾಬರ ದೇವಡಿಯನ್ನು ಹರಾಜು ಹಾಕಿದಾಗ ತೆಗೆದುಕೊಂಡ ಚೌಕಟ್ಟು. ಸಾಗವಾನಿ ಕಟ್ಟಿಗೆ, ಬಳ್ಳಿ ಹೂವಿನ ಕೆತ್ತನೆ, ಎರಡು ಬಾಗಿಲು, ಹಿತ್ತಾಳೆ ಚಿಲಕ. ಹಿಂದಿನ ಗೋಡೆಯಲ್ಲಿ ಒಲೆಯ ಮೇಲೆ ಅದನ್ನು ಕೂರಿಸಲು ಒಳಮೈಯ ಕಲ್ಲುಗಳನ್ನು ತೆಗೆದರು. ಅವ್ವ ಮರೆಯಲ್ಲಿ ನಿಂತು ಆ ಸುತ್ತಿಗೆ ಪೆಟ್ಟುಗಳನ್ನೇ ಕೇಳುತ್ತಿದ್ದಳು. ಒಳಮೈ ಬಿಚ್ಚಿ ಗೋಡೆಯ ಹೊರಮೈ ಉಳಿದಾಗ ಪೆಟ್ಟು ನಿಂತವು. ಚೌಕಟ್ಟು ಕೂತಿತು, ಬಾಗಿಲು ಕೂತವು. ಅವ್ವ ಹೋಗಿ ಬಾಗಿಲು ತೆರೆದಳು. ಒಳಗೆ ಗೋಡೆ ಇತ್ತು. ಅದಕ್ಕೆ ಒಂದು ಹಲಗೆ ಬಡಿದು ಉಪ್ಪಿನಕಾಯಿ ಗಡಿಗೆ ಇಡಲು ಜಾಗ ಮಾಡಿದ್ದರು.

"ಪರದಾನೂ ಉಳೀತು, ಕಿಡಕೀನೂ ಆತು, ಮ್ಯಾಲ ಒಂದು ಕಪಾಟೂ ಸಿಕ್ತು," ಎಂದು ದೊಡ್ಡಪ್ಪ ಪಡಸಾಲೆಯಲ್ಲಿ ಎದೆ ಉಬ್ಬಿಸಿ ಹೇಳುತ್ತಿದ್ದ. ಅಪ್ಪ ಹೌದ್ಹೌದು ಅಂದ. ಅಂಥ ಕಿಟಕಿ ಕಟ್ಟುವುದಕ್ಕೆ ಎಂಥ ತಲೆ ಬೇಕು, ಅದಕ್ಕೆ ಹೌದು ಅನ್ನುವುದಕ್ಕೆ ಎಂಥ ತಲೆ ಬೇಕು, ಯಾವುದು ಹೆಚ್ಚಿನದೆಂದು ನನಗೆ ತೀರ್ಮಾನಿಸಲಾಗಿಲ್ಲ.

ಇನ್ನು ಕಟ್ಟೆ. ನೆಲದ ಒಲೆಗಳನ್ನು ಕಿತ್ತುಹಾಕಿ, ಗೋಡೆಯುದ್ದಕ್ಕೂ ಕಲ್ಲಿನ ಕಟ್ಟೆ ಕಟ್ಟಿ, ಅದರ ಮೇಲೆ ಒಲೆ ಹಾಕಿಸಿದ. ಎತ್ತರಕ್ಕೆ ತನ್ನ ಸೊಂಟವನ್ನೇ ಅಳತೆ ಹಿಡಿದಿದ್ದ. ದೊಡ್ಡಪ್ಪ ಬಹಳ ಎತ್ತರದ ಗಂಡಸು, ಅವ್ವ ಅವನ ಎದೆಗೂ ಬರುತ್ತಿರಲಿಲ್ಲ. ನಿಂತು ಕೈ ಚಾಚಿದರೆ ಒಲೆಯ ಮೇಲಿನ ಹಂಚು ಅವಳ ಗಲ್ಲದ ಮಟ್ಟಕ್ಕೆ ಇರುತ್ತಿತ್ತು. ಸಾರು ಕುದಿಸುವುದು ಹೇಗೋ ಆದೀತು. ಜೋಳದ ರೊಟ್ಟಿ? ರೊಟ್ಟಿ ಬಡಿಯಬೇಕಾದರೆ ಒಂದು ಮೊಣಕಾಲು ಮಡಿಸಿ ಕೂತು, ಮೇಲಿಂದ ಹಿಟ್ಟಿನ ಮೇಲೆ ಮೈಭಾರ ಬಿಡಬೇಕು. ಎದೆಯೆತ್ತರದ ಕಟ್ಟೆಯ ಮೇಲೆ ನಿಂತು ಬಡಿದರೆ ರೊಟ್ಟಿಯೂ ಏಳುವುದಿಲ್ಲ, ಹೆಗಲೂ ಉಳಿಯುವುದಿಲ್ಲ. ಮೂರು ಹೊತ್ತೂ ರೊಟ್ಟಿ ತಿಂದು ಬೆಳೆದ ಗಂಡಸಿಗೆ ಅದು ಹೇಗೆ ಆಗುತ್ತದೆಂದು ಒಂದು ಸಲವೂ ನೋಡಬೇಕೆನಿಸಿರಲಿಲ್ಲ.

ಅವ್ವ ಎರಡು ದಿನ ಪ್ರಯತ್ನಪಟ್ಟು, ಮೂರನೆಯ ದಿನ ಮಣೆಯ ಮೇಲೆ ಕಾಲಿಟ್ಟು ಕಟ್ಟೆಯನ್ನೇ ಹತ್ತಿ ಕೂತಳು. ಹಿಟ್ಟು, ನೀರು, ಹಂಚು ಎಲ್ಲ ಮೇಲೆ, ಅವಳೂ ಮೇಲೆ. ನೋಡಲು ನಗೆ ಬರುವಂತಿತ್ತು, ನಾನು ನಕ್ಕೆ, ಅವಳೂ ನಕ್ಕಳು. ಒಲೆ ಹೊತ್ತಿದ ಮೇಲೆ ನಗೆ ನಿಂತಿತು. ಮುಚ್ಚಿದ ಕೋಣೆಯಲ್ಲಿ ಹೊಗೆ ಮೇಲೆ ಕಟ್ಟಿಕೊಳ್ಳುತ್ತದೆ. ನೆಲಕ್ಕೆ ಕೂತವರ ತಲೆ ಅದರ ಕೆಳಗೆ ಉಳಿದಿರುತ್ತದೆ. ನಮ್ಮ ಹಿಂದಿನ ಹೆಂಗಸರು ನೆಲಕ್ಕೆ ಕೂತು ಅಡುಗೆ ಮಾಡಿದ್ದು ಬುದ್ಧಿ ಇಲ್ಲದೆ ಅಲ್ಲ. ದೊಡ್ಡಪ್ಪನ ಕಟ್ಟೆ ಅವ್ವನನ್ನು ಎತ್ತಿ ಸರಿಯಾಗಿ ಹೊಗೆಯೊಳಗೇ ಕೂರಿಸಿತು. ಎಡಗಣ್ಣು ಉಳಿಸಿಕೊಳ್ಳಿ ಎಂದು ನರ್ಸ್ ಹೇಳಿದ್ದಳು. ದೊಡ್ಡಪ್ಪ ಉಳಿಸಿದ್ದು ಸುಣ್ಣ.

"ಹೊಗಿ ಮೊದಲಿಗಿಂತ ಹೆಚ್ಚಾಗ್ಯದ, ಕಣ್ಣು ತಗಿಯಾಕ ಆಗವಲ್ದು ಅಂತ್ರಿ ಅವ್ವ. ನೆಲದ ಮ್ಯಾಲ ಒಲಿ ಹಾಕ್ಕೋತಾಳಂತ," ಎಂದು ದೊಡ್ಡಪ್ಪನಿಗೆ ಹೇಳಿದೆ.

"ಅಯ್ಯನವರ ಕರಿಸಿ ಇಬತ್ತಿ ಹಚ್ಚಿ ಪೂಜಿ ಮಾಡಿದ ಒಲಿ ಅದು. ವರ್ಷ ತುಂಬೂ ತನಕ ಕೀಳಬಾರ್ದು, ಮನಿಗಿ ಒಳ್ಳೇದಲ್ಲ," ಅಂದ ದೊಡ್ಡಪ್ಪ. "ರೂಢಿ ಆಗ್ತದಂತ ಹೇಳು."

ರೂಢಿಯಾಯಿತು. ಅವ್ವ ಕಣ್ಣು ಮುಚ್ಚಿಕೊಂಡೇ ರೊಟ್ಟಿ ಬಡಿಯುವುದನ್ನು ರೂಢಿ ಮಾಡಿಕೊಂಡಳು. ರೊಟ್ಟಿ ಗುಂಡಗೇ ಬರುತ್ತಿದ್ದವು, ಅಂಗೈಗೆ ಅಳತೆ ಗೊತ್ತಿತ್ತು. ಕೌದಿ ಮಾತ್ರ ಮಡಿಚಿ ಪೆಟ್ಟಿಗೆಗೆ ಹಾಕಿದಳು. ಕೇಳಿದರೆ, ಬೇಸಿಗೆಯಲ್ಲಿ ಯಾರು ಕೌದಿ ಹೊಲೀತಾರೆ ಎನ್ನುತ್ತಿದ್ದಳು. ಅಕ್ಕಿ ಹಸನು ಮಾಡಲು ಕೂತರೆ ಮೊರ ನನ್ನ ಕಡೆ ಸರಿಸುತ್ತಿದ್ದಳು. ಕಣ್ಣು ಹೇಗಿದೆ ಎಂದರೆ, "ಅದ, ಅದ," ಅನ್ನುವುದು. ನಾನು ಅಪ್ಪನಿಗೆ ಹೇಳಿದೆ. ಮಕ್ಕಳು ದೊಡ್ಡವರ ಮಾತಿನಲ್ಲಿ ಬಾಯಿ ಹಾಕಬಾರದೆಂದು ಅಪ್ಪ ನನಗೆ ಬುದ್ಧಿ ಹೇಳಿದ. ಅಪ್ಪನಲ್ಲಿ ಬೇರೆಯವರಿಗೆ ಹೇಳುವಷ್ಟು ಬುದ್ಧಿ ಯಾವಾಗಲೂ ಇರುತ್ತಿತ್ತು.

ಆ ಬೇಸಿಗೆಯಲ್ಲಿ ಔರಾದಿನ ಸೋದರತ್ತೆಯ ಮಗಳಿಗೆ ಗಂಡು ಗೊತ್ತಾಗಿ, ಮಾತುಕತೆಗೆಂದು ಅಪ್ಪ, ದೊಡ್ಡಪ್ಪ ಇಬ್ಬರೂ ಔರಾದಿಗೆ ಹೊರಟರು. ಅದೇ ಹೊತ್ತಿಗೆ ವಕೀಲರು ಯಾವುದೋ ಮೊಕದ್ದಮೆ ಹಿಡಿದು ಹೈದರಾಬಾದಿಗೆ ಹೋಗಿದ್ದರು. ಸಂಡಿಗೆ ಹಾಕಲು ಮಾಳಿಗೆ ಹತ್ತಿದ ಅವ್ವ ಖಾಲಾರಿಗೆ ಎಲ್ಲವನ್ನೂ ಹೇಳಿದಳು. ಪರದಾ ಕೆಡುತ್ತದೆಂದು ಕಿಂಡಿ ಬೇಡವಾದದ್ದು, ಕಿಟಕಿಯೊಳಗೆ ಗೋಡೆ ಇರುವುದು, ಎಲ್ಲ. ಖಾಲಾ ಹಣೆ ಹಣೆ ಬಡಿದುಕೊಂಡರು.

"ಯಾರ ಪರದಾ? ನನ್ನ ಪರದಾ? ನನಗ ಯಾರೂ ಕೇಳೇ ಇಲ್ಲಲ್ಲ ಬಹೆನ್! ನೀನೂ ಹೆಂಗಸು, ನಾನೂ ಹೆಂಗಸು. ನನ್ನ ಚೂಲಾ ಹೊಗಿ ಆಸಮಾನಕ್ಕ ಹೋಗ್ತದ, ಅದರ ಹಿಂದ ನಿಂದೂ ಹೋಗ್ಲಿ."

ಮರುದಿನ ಮುಂಜಾನೆ ಉಪ್ಪಿನಕಾಯಿ ಗಡಿಗೆಗಳನ್ನು ಕೆಳಗಿಳಿಸಿದೆವು. ಗೋಡೆಯ ಹೊರಮೈ ಒಂದೇ ಕಲ್ಲಿನ ದಪ್ಪ ಉಳಿದಿತ್ತು, ಅದರ ಸಂದಿಯಲ್ಲಿದ್ದದ್ದು ಬರೀ ಮಣ್ಣು. ನಾನು ಕುಡುಗೋಲಿನ ಮೊನೆಯಿಂದ ಕೆರೆದೆ. ಅವ್ವ ಬೆರಳಾಡಿಸಿ, ಇಲ್ಲಿ ಸಡಿಲಾಗಿದೆ, ಇಲ್ಲಿ ಕೆರೆ ಎಂದು ಹೇಳುತ್ತಿದ್ದಳು. ಆಚೆ ಕಡೆ ಖಾಲಾ ಮಂಚದ ಮೇಲೆ ನಿಂತು ಒನಕೆಯಿಂದ ಕುಟ್ಟುತ್ತಿದ್ದರು. ಒಂದು ಕಲ್ಲು ಅಲುಗಾಡಿ ಅವರ ಕಡೆ ಬಿತ್ತು, ಮಕ್ಕಳು ಹೋ ಎಂದು ಕೂಗಿದವು. ಮಧ್ಯಾಹ್ನದ ಹೊತ್ತಿಗೆ ಚೌಕಟ್ಟಿನಷ್ಟೂ ಬಯಲು. ಧೂಳಿನಲ್ಲಿ ಮಿಂದ ಖಾಲಾರ ಮುಖ ಕಿಟಕಿಯಲ್ಲಿ ಕಾಣಿಸಿತು. ಬಿಸಿಲು ಅವ್ವನ ಮುಖಕ್ಕೆ ನೇರ ಬಿತ್ತು. ಅವಳು ಗಾಳಿಗೆ ಮುಖವೊಡ್ಡಿ ಹಾಗೆಯೇ ನಿಂತಳು, ಕಣ್ಣು ಕಿರಿದು ಮಾಡಲಿಲ್ಲ. ನಾನು ಖುಷಿಯಲ್ಲಿದ್ದೆ, ಅದರ ಅರ್ಥ ನನಗೆ ಆಗ ತಿಳಿಯಲಿಲ್ಲ. ಒಲೆ ಹೊತ್ತಿಸಿದೆವು, ಹೊಗೆ ತಲೆಬಾಗಿಸಿ ಕಿಟಕಿಯಿಂದ ಹೊರಟುಹೋಯಿತು. ಖಾಲಾ ಆ ಕಡೆಯಿಂದ ಒಂದು ಹಿಡಿ ಕಲ್ಲುಸಕ್ಕರೆ ಕೊಟ್ಟರು, ಅವ್ವ ಬಿಸಿ ರೊಟ್ಟಿ ಕೊಟ್ಟಳು.

ಗಂಡಸರು ವಾಪಸು ಬಂದರು. ಅವರಿಗೆ ತಿಳಿದೀತೆಂದು ನಾವು ಜೀವ ಕೈಯಲ್ಲಿ ಹಿಡಿದಿದ್ದೆವು. ತಿಳಿಯಲಿಲ್ಲ. ಅಪ್ಪ ಅಡುಗೆಮನೆಗೆ ಬರುವವನಲ್ಲ. ವಕೀಲರು ತಮ್ಮ ಅಂಗಳದಲ್ಲಿ ಮಂಚದ ಮೇಲೆ ಅಂಗಾತ ಮಲಗುತ್ತಿದ್ದರು, ಖಾಲಾ ಕಿಟಕಿಯ ಆ ಕಡೆ ಹೀರೆಬಳ್ಳಿ ಇಳಿಬಿಟ್ಟಿದ್ದರು, ಅವರು ಅದರ ಹೂ ಚೆಂದ ಅಂದರಂತೆ. ಇಡೀ ಊರಿನ ಮರ್ಯಾದೆ ಹೊತ್ತವರಿಗೆ ತಮ್ಮ ಮನೆಯ ಗೋಡೆಯಲ್ಲಿ ಬಯಲಾದದ್ದು ಕಾಣಲಿಲ್ಲ. ಒಂದು ದಿನ ಅಪ್ಪ ಪಡಸಾಲೆಯಲ್ಲಿ ಕೂತು, "ಈಗೀಗ ಹೊಗೀನ ಬರವಲ್ದು ನೋಡು. ಅಣ್ಣನ ಕಟ್ಟಿ ಗುಣ ಅದು," ಅಂದ. ಆ ಮಾತು ಭಾಲ್ಕಿಯವರೆಗೂ ಹೋಯಿತು. ದೊಡ್ಡಪ್ಪ ಉಬ್ಬಿಹೋದ. ತನ್ನ ಮನೆಯಲ್ಲೂ ಅಂಥದೇ ಕಟ್ಟೆ ಕಟ್ಟಿಸಬೇಕು, ಅದರ ಅಳತೆ ಬೇಕು ಎಂದು ಮಳೆಗಾಲಕ್ಕೆ ಮೊದಲು ದಾರದುಂಡೆ ಹಿಡಿದು ಬಂದ.

ಅಳತೆ ತೆಗೆಯಲು ಅವನು ಅಡುಗೆಮನೆಯ ಹೊಸ್ತಿಲು ದಾಟಲೇಬೇಕಾಯಿತು. ಒಳಗೆ ಅವ್ವ ಕಟ್ಟೆಯ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದಳು, ಕಿಟಕಿ ಪೂರ್ತಿ ತೆರೆದಿತ್ತು. ನೆಲದ ಒಡಕು ಫರಸಿಯ ಮೇಲೆಲ್ಲ ಬಿಸಿಲು. ದೊಡ್ಡಪ್ಪ ಬಾಗಿಲಲ್ಲೇ ನಿಂತು ಕಿಟಕಿಯ ಆಚೆಯ ಹೀರೆಬಳ್ಳಿಯನ್ನು ನೋಡಿದ. ಆಮೇಲೆ ನನ್ನ ಮೇಲೆ ಕಿರುಚಿದ, ಏಕೆಂದರೆ ಅವ್ವನ ಮೇಲೆ ಕಿರುಚುವುದೂ ರೂಢಿಯಲ್ಲಿರಲಿಲ್ಲ.

"ಯಾರು ಒಡದವರು ಇದನ್ನ? ಪರದಾ ಇಟ್ಟ ಮನಿ ಅದು! ಮಾತು ಕೊಟ್ಟೀವಿ ನಾವು! ದಿನಾ ಇಲ್ಲಿ ಕೂತು ಅವರ ಮನ್ಯಾಗ ಹಣಿಕಿ ಹಾಕ್ತಾಳೇನು? ಕೇಳು ನಿಮ್ಮವ್ವಗ!"

ನಾನು ಕೇಳುವ ಮೊದಲೇ ಅವ್ವ ಮಾತಾಡಿದಳು. ಅವನಿಗೇ, ನೇರವಾಗಿ. ಸೆರಗನ್ನೂ ಎಳೆದುಕೊಳ್ಳಲಿಲ್ಲ, ಕೈಗೆಲ್ಲ ಹಿಟ್ಟಿತ್ತು. ಈ ಮನೆಗೆ ಬಂದಾಗಿನಿಂದ ಅವಳು ದೊಡ್ಡಪ್ಪನ ಜೊತೆ ಮಾತಾಡಿದ್ದು ಅದೇ ಮೊದಲು.

"ನಂಗ ಕಾಣಂಗಿಲ್ರಿ ಭಾವಾರ. ಬ್ಯಾಸಗಿಕಿಂತ ಮೊದಲ ಎಡಗಣ್ಣೂ ಹೋಗ್ಯದ. ನನ್ನ ಕೈಯಾಗಿನ ರೊಟ್ಟೀನೂ ನಂಗ ಕಾಣಂಗಿಲ್ಲ. ನನ್ನಿಂದ ಯಾರ ಪರದಾನೂ ಕೆಡೂದಿಲ್ರಿ."

ಹೇಳಿ ಮತ್ತೆ ರೊಟ್ಟಿ ಬಡಿಯತೊಡಗಿದಳು. ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಿಂದ ತಿರುವಿ ಹಾಕಿದಳು. ನಾನು ಹೋಗಿ ಅವಳ ಕಾಲು ಹಿಡಿದುಕೊಂಡು ಅತ್ತೆ. ದಾರ ಪೋಣಿಸುವಾಗ, ಅಕ್ಕಿ ಆರಿಸುವಾಗ ಅವಳ ಪಕ್ಕದಲ್ಲೇ ಕೂತಿದ್ದ ನನಗೂ ಅಷ್ಟಾಗಿದೆ ಎಂದು ಗೊತ್ತಾಗದ ಹಾಗೆ ನಡೆದುಕೊಂಡಿದ್ದಳು. ದೊಡ್ಡಪ್ಪ ದಾರದುಂಡೆ ಸುತ್ತಿಕೊಂಡು ಹೊರಗೆ ಹೋದ. ನನಗೆ ಅವನ ಮೇಲೆ ಆಗ ಹುಟ್ಟಿದ ತಾತ್ಸಾರ ಅವನ ಹೆಣ ಎತ್ತಿದ ದಿನವೂ ಕಡಿಮೆಯಾಗಲಿಲ್ಲ, ಈಗಲೂ ಆಗಿಲ್ಲ.

ಸಂಜೆ ವಕೀಲರನ್ನು ಮತ್ತೆ ಕರೆಸಿದರು. ಮತ್ತೆ ಮೇಲಿನ ಕೋಣೆ, ಮತ್ತೆ ಚಹಾ. ವಿಷಯ ಕೇಳಿ ವಕೀಲರು ಬಹಳ ವ್ಯಥೆಪಟ್ಟರು. ಅಪ್ಪ ಕಣ್ಣೊರಸಿಕೊಂಡ. ಆಮೇಲೆ ಮೂವರೂ ಕಿಟಕಿಯ ಪ್ರಶ್ನೆಯನ್ನು ಎಲ್ಲ ಕಡೆಯಿಂದ ತೂಗಿ ನೋಡಿದರು. ಅಡುಗೆ ಮಾಡುವವಳಿಗೆ ಕಣ್ಣು ಕಾಣುವುದಿಲ್ಲವಾದ್ದರಿಂದ ಇನ್ನು ಪರದಾಕ್ಕೆ ಬಾಧೆ ಇಲ್ಲ, ಕಿಟಕಿ ಇರಬಹುದು ಎಂದು ಠರಾವಾಯಿತು. ಅವ್ವನ ಎರಡೂ ಕಣ್ಣು ಹೋದ ಮೇಲೆ ಅವಳ ಒಲೆಯ ಹೊಗೆಗೆ ಹೊರಹೋಗಲು ಪರವಾನಗಿ ಸಿಕ್ಕಿತು. ಒಂದು ಷರತ್ತು ಹಾಕಿದರು: ನನಗೆ ಕಣ್ಣಿರುವುದರಿಂದ, ನಾನು ಒಲೆಯ ಮುಂದಿರುವಾಗ ಕಿಟಕಿಯ ಬಾಗಿಲು ಮುಚ್ಚಿಡಬೇಕು.

ಅಂದಿನಿಂದ ಮನೆಯ ಅಡುಗೆ ನಾನೇ ಮಾಡಿದೆ. ಮದುವೆಯಾಗಿ ಆ ಮನೆ ಬಿಡುವವರೆಗೂ ಒಂದು ದಿನವೂ ಆ ಬಾಗಿಲು ಮುಚ್ಚಲಿಲ್ಲ.